ಮುಟ್ಟಬಾರದ ಜಿಂಕೆ

ನ್ಯೂಆರ್ಕ್ ವಿಮಾನ ನಿಲ್ದಾಣ

"ಇತ್ತೀಚೆಗೆ ಯಾವುದಾದರೂ ಪ್ರಾಣಿಗಳ ಹತ್ತಿರ ಹೋಗಿದ್ದಿರಾ?" ಎಂದು ಕೌಂಟರಿನಲ್ಲಿದ್ದ ಅಧಿಕಾರಿ ಕೇಳಿದ. ಇಲ್ಲ ಎಂದಿದ್ದರೆ ಐದು ನಿಮಿಷದಲ್ಲಿ ಹೊರಗಿರುತ್ತಿದ್ದೆ. ಹದಿನೆಂಟು ಗಂಟೆ ಕೂತು ಬಂದ ಆಯಾಸದಲ್ಲಿ ನಿಜ ಹೇಳಿಬಿಟ್ಟೆ.

"ಹತ್ತು ದಿನದ ಕೆಳಗೆ ಒಂದು ಜಿರಾಫೆ. ಅದಕ್ಕೂ ಮೊದಲು ಎರಡು ಜೀಬ್ರಾ, ಒಂದು ಕಾಡೆಮ್ಮೆ. ಸಿಂಹವನ್ನು ಬರೀ ದೂರದಿಂದ ನೋಡಿದ್ದು."

ಅವನು ಟೈಪ್ ಮಾಡುತ್ತಿದ್ದವನು ನಿಲ್ಲಿಸಿದ. ನಾನು ಕೀನ್ಯಾದ ಹುಲ್ಲುಗಾವಲಿನಲ್ಲಿ ಕಾಡುಪ್ರಾಣಿಗಳಿಗೆ ಚಿಕಿತ್ಸೆ ಮಾಡುವ ಡಾಕ್ಟರು, ಮೂಲತಃ ಬಾಗಲಕೋಟೆಯವಳು, ನ್ಯೂಯಾರ್ಕಿನಲ್ಲಿ ಪಶುವೈದ್ಯರ ಸಭೆಯೊಂದರಲ್ಲಿ ಮಾತಾಡಲು ಕರೆದಿದ್ದಾರೆ ಎಂದು ವಿವರಿಸಿದೆ. ಅವನು ಎಲ್ಲವನ್ನೂ ವಿನಯದಿಂದ ಕೇಳಿಸಿಕೊಂಡು, ನನ್ನನ್ನು ಬೇರೆ ಕೋಣೆಗೆ ಕಳಿಸಿದ. ಅಲ್ಲಿ ಇನ್ನೊಬ್ಬಾಕೆ ನನ್ನ ಬೂಟುಗಳನ್ನು ಒಂದು ತಟ್ಟೆಯಲ್ಲಿಟ್ಟು ಒಳಗೆ ಒಯ್ದಳು. ಮುಕ್ಕಾಲು ಗಂಟೆ ನಾನು ಕಾಲುಚೀಲದಲ್ಲಿ ಕೂತಿದ್ದೆ. ಬೂಟುಗಳು ಖರೀದಿ ಮಾಡಿದ ದಿನಕ್ಕಿಂತ ಚೊಕ್ಕವಾಗಿ ವಾಪಸು ಬಂದವು. ಆಕೆ ಅವನ್ನು ಕೈಗೆ ಕೊಡುತ್ತಾ, "ಡಾಕ್ಟರ್, ನಮ್ಮನೆ ಬೆಕ್ಕು ದಿನಾ ಬೆಳಿಗ್ಗೆ ವಾಂತಿ ಮಾಡುತ್ತೆ, ಯಾಕಿರಬಹುದು?" ಎಂದು ಕೇಳಿದಳು.

ಈ ದೇಶದಲ್ಲಿ ನಾನು ಪಶುವೈದ್ಯೆ ಎಂದು ಗೊತ್ತಾದ ಪ್ರತಿಯೊಬ್ಬರೂ ಇಂಥದೊಂದು ಪ್ರಶ್ನೆ ಕೇಳಿದರು. ಉತ್ತರ ಹೇಳಿದ ಮೇಲೆ, "ನಾವು ನಮ್ಮ ವೆಟ್‌ನ ಒಂದು ಸಲ ಕೇಳಿ ನೋಡ್ತೀವಿ ಬಿಡಿ" ಎಂದರು.

ಸುನಂದಾಳ ಮನೆ

ಹೊರಗೆ ಸುನಂದಾ ಕಾಯುತ್ತಿದ್ದಳು. ವೆಟರ್ನರಿ ಕಾಲೇಜಿನಲ್ಲಿ ಐದು ವರ್ಷ ನನ್ನ ಪಕ್ಕದ ಬೆಂಚು, ಪಕ್ಕದ ಹಾಸಿಗೆ. ನಮ್ಮ ಬ್ಯಾಚಿನ ಚಿನ್ನದ ಪದಕ ಅವಳದೇ. ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡ ತಿರುಗಿದೆ ಎಂದರೆ ಮೇಷ್ಟರುಗಳೇ "ಸುನಂದಾನ ಕರೀರಿ" ಎನ್ನುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ಫೋನಿನಲ್ಲಿ ಮಾತಾಡುತ್ತಿದ್ದೆವು, ಎದುರಿಗೆ ನೋಡಿ ಒಂಬತ್ತು ವರ್ಷವಾಗಿತ್ತು.

ಅವಳ ಊರಿನ ಹೆಸರು ಬರೆದರೆ ಅವಳು ನನ್ನನ್ನು ಸುಮ್ಮನೆ ಬಿಡುವುದಿಲ್ಲ. ನ್ಯೂಜೆರ್ಸಿಯ ಮನ್ರೋದಿಂದ ಕಾರಿನಲ್ಲಿ ಹತ್ತು ನಿಮಿಷ ಎಂದಿಟ್ಟುಕೊಳ್ಳಿ. ಇಲ್ಲಿ ಎಲ್ಲವೂ ಯಾವುದೋ ಊರಿನಿಂದ ಕಾರಿನಲ್ಲಿ ಹತ್ತು ನಿಮಿಷ. ನಡೆದರೆ ಎಷ್ಟು ಎಂದು ಕೇಳಿದ್ದಕ್ಕೆ ಅವಳ ಗಂಡ ರಘು ಯೋಚನೆಗೆ ಬಿದ್ದರು. "ನಡೆಯೋದು ಅಂದ್ರೆ… ಹಾಗೆ ಯಾರೂ ಟ್ರೈ ಮಾಡಿಲ್ಲ ಅನ್ಸುತ್ತೆ" ಎಂದರು. ರಘು ಮೈಸೂರಿನವರು, ಮೃದು ಮಾತಿನವರು, ದಿನಾ ಪಾರ್ಸಿಪನಿ ಎಂಬ ಊರಿನ ಆಫೀಸಿಗೆ ಕಮ್ಯೂಟ್ ಮಾಡುವವರು.

ಬಡಾವಣೆಯ ಮನೆಗಳೆಲ್ಲ ಒಂದೇ ಬಣ್ಣ. ಬೇರೆ ಬಣ್ಣ ಬಳಿಯುವಂತಿಲ್ಲ ಎಂದು ಮನೆಮಾಲೀಕರ ಅಸೋಸಿಯೇಷನ್ನಿನ ನಿಯಮ. ಬಟ್ಟೆ ಹೊರಗೆ ಒಣಹಾಕುವಂತಿಲ್ಲ. ಕಸದ ಡಬ್ಬ ಬೀದಿಗೆ ಕಾಣುವಂತಿಲ್ಲ. ಆದರೆ ಅಂಗಳದಲ್ಲಿ ಹನ್ನೆರಡಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರ ನಿಲ್ಲಿಸಬಹುದು. ಅಕ್ಟೋಬರಿನ ಕೊನೆಯ ವಾರ, ಇವರ ದೆವ್ವಭೂತಗಳ ಹಬ್ಬ ಹ್ಯಾಲೋವೀನ್ ಹತ್ತಿರ ಬಂದಿತ್ತು. ಗಿಡಗಳ ಮೇಲೆಲ್ಲ ಹುಸಿ ಜೇಡರ ಬಲೆ, ಹುಲ್ಲಿನ ಮೇಲೆ ಹುಸಿ ಗೋರಿಕಲ್ಲು. ನಮ್ಮೂರಲ್ಲಿ ಯಾರಾದರೂ ಮನೆ ಮುಂದೆ ಎಲುಬು ಕಟ್ಟಿದರೆ ಓಣಿಯವರೆಲ್ಲ ಸೇರಿ ಪಂಚಾಯಿತಿ ಮಾಡುತ್ತಾರೆ.

ಮರುದಿನ ಬೆಳಿಗ್ಗೆ ಅಡಿಗೆಮನೆಯ ಕಿಟಕಿಯಿಂದ ಜಿಂಕೆಗಳನ್ನು ನೋಡಿದೆ. ಆರು. ಸುನಂದಾಳ ಹೂವಿನ ಗಿಡಗಳನ್ನು ಬುಡದವರೆಗೆ ಮೇಯುತ್ತಿದ್ದವು. ನಾನು ಸಂಭ್ರಮಪಟ್ಟಿದ್ದು ನೋಡಿ ರಘು ನಕ್ಕರು. "ಗಿರಿಜಾ ಅವ್ರೇ, ಇಲ್ಲಿ ಡೀರ್ ಅಂದ್ರೆ ನಮ್ಮೂರಲ್ಲಿ ಇಲಿ ಇದ್ದ ಹಾಗೆ. ಗಾರ್ಡನ್ ಪೂರ್ತಿ ಫಿನಿಶ್ ಮಾಡ್ತವೆ. ಹೈವೇನಲ್ಲಿ ದಿನಾ ಒಂದಾದ್ರೂ ಸತ್ತು ಬಿದ್ದಿರುತ್ತೆ."

ಏಳನೆಯದು ಆಗ ಬೇಲಿಯ ಸಂದಿಯಿಂದ ಬಂತು. ವರ್ಷ ತುಂಬಿರಬಹುದಾದ ಹೆಣ್ಣು. ಅದರ ತಲೆ ಪೂರ್ತಿ ಒಂದು ಪ್ಲಾಸ್ಟಿಕ್ ಡಬ್ಬಿಯೊಳಗಿತ್ತು. ಇಲ್ಲಿನ ಅಂಗಡಿಗಳಲ್ಲಿ ಚೀಸ್ ಉಂಡೆಗಳನ್ನು ತುಂಬಿ ಮಾರುವ, ನಮ್ಮ ಉಪ್ಪಿನಕಾಯಿ ಭರಣಿಗಿಂತ ದೊಡ್ಡದಾದ ಪಾರದರ್ಶಕ ಡಬ್ಬಿ. ತಳದಲ್ಲಿ ಉಳಿದ ಪುಡಿಯ ಉಪ್ಪಿಗೆ ಮೂತಿ ಹಾಕಿರಬೇಕು, ಕಿವಿ ಒಳಗೆ ಹೋದ ಮೇಲೆ ಹೊರಗೆ ಬರಲು ಆಗಿಲ್ಲ. ಒಳಗೆಲ್ಲ ಉಸಿರಿನ ಮಂಜು. ಅದು ನಾಲ್ಕು ಹೆಜ್ಜೆ ಇಟ್ಟು, ಪಕ್ಕದ ಮನೆಯವರ ಅಸ್ಥಿಪಂಜರಕ್ಕೆ ಡಿಕ್ಕಿ ಹೊಡೆದು, ನಿಂತಿತು. ಬೀದಿಯಲ್ಲಿ ಓಡುತ್ತಿದ್ದ ಒಬ್ಬಾಕೆ ಅದನ್ನೂ ಅಲಂಕಾರವೆಂದುಕೊಂಡು ಫೋಟೊ ತೆಗೆದಳು.

ಫೋನಿನ ದಿನ

ನಾನು ಮಾಡುವ ಕೆಲಸದ ಮುಕ್ಕಾಲು ಪಾಲು ಉರುಳು ಬಿಡಿಸುವುದು. ಮಾಂಸಕ್ಕಾಗಿ ಹುಲ್ಲಿನಲ್ಲಿ ತಂತಿಯ ಕುಣಿಕೆ ಕಟ್ಟಿರುತ್ತಾರೆ. ಜೀಬ್ರಾ ಕತ್ತು ತೂರಿಸುತ್ತದೆ, ತಂತಿ ಕಿತ್ತುಕೊಂಡು ಓಡುತ್ತದೆ, ದಿನಕ್ಕಿಷ್ಟು ಎಂದು ತಂತಿ ಒಳಗಿಳಿಯುತ್ತದೆ. ಸುದ್ದಿ ಬಂದ ತಕ್ಷಣ ಜೀಪು ಹತ್ತುತ್ತೇವೆ. ಅರಿವಳಿಕೆಯ ಡಾರ್ಟ್ ಹೊಡೆದು, ಕಣ್ಣಿಗೆ ಬಟ್ಟೆ ಕಟ್ಟಿ, ತಂತಿ ಕತ್ತರಿಸಿ, ಗಾಯ ತೊಳೆದು, ಎಬ್ಬಿಸುವ ಮದ್ದು ಕೊಟ್ಟು ದೂರ ಸರಿಯುತ್ತೇವೆ. ಒಟ್ಟು ಹದಿನೈದು ನಿಮಿಷ. ಇಲ್ಲಿ ಆ ಹದಿನೈದು ನಿಮಿಷದ ಕೆಲಸಕ್ಕೆ ಯಾರಿಗೆ ಹೇಳಬೇಕು ಎಂದು ತಿಳಿಯಲು ಒಂದು ಇಡೀ ದಿನ ಹೋಯಿತು.

ಊರಿನ ಪ್ರಾಣಿ ವಿಭಾಗದವರು, ಅದು ಯಾರಿಗಾದರೂ ಹಾಯಲು ಬಂತಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ತುರ್ತಲ್ಲ, ಬರೆದುಕೊಂಡಿದ್ದೇವೆ ಎಂದರು. ಅವರು ಕೊಟ್ಟ ಇನ್ನೊಂದು ಕಚೇರಿಯ ನಂಬರಿನಲ್ಲಿ ಯಂತ್ರ ಮಾತಾಡಿತು. ಬಾವಲಿಗೆ ಒಂದು ಒತ್ತಿ, ಕರಡಿಗೆ ಎರಡು ಒತ್ತಿ. ಜಿಂಕೆಗೆ ನಾಲ್ಕು ಒತ್ತಿದರೆ, ಸತ್ತ ಜಿಂಕೆಯನ್ನು ರಸ್ತೆಯಿಂದ ತೆಗೆಸುವ ವಿಭಾಗ. "ಇನ್ನೂ ಸತ್ತಿಲ್ಲ" ಎಂದೆ. "ಹಾಗಿದ್ದರೆ ನಮ್ಮದಲ್ಲ ಮೇಡಂ" ಎಂದ ಆ ಪುಣ್ಯಾತ್ಮ. ಗಾಯಗೊಂಡ ಪ್ರಾಣಿಗಳನ್ನು ನೋಡಿಕೊಳ್ಳುವ ಸಂಸ್ಥೆಯೊಂದರವರು, ಅಳಿಲು, ಆಮೆ, ಹಕ್ಕಿ ತನ್ನಿ, ದೊಡ್ಡ ಜಿಂಕೆಯನ್ನು ನಾವು ತೆಗೆದುಕೊಳ್ಳುವ ಹಾಗಿಲ್ಲ ಎಂದರು. ಅಸೋಸಿಯೇಷನ್ನಿನವರು ವೆಬ್‌ಸೈಟಿನಲ್ಲಿ ದೂರು ದಾಖಲಿಸಲು ಹೇಳಿದರು. ಅದರಲ್ಲಿ 'ಸಮಸ್ಯೆಯ ಬಗೆ' ಎಂಬಲ್ಲಿ ನೀರಿನ ಸೋರಿಕೆ, ಪಾರ್ಕಿಂಗ್, ಗದ್ದಲ ಎಂದು ಮೂರೇ ಇದ್ದವು. ಸಿಟ್ಟಿಗೆ ಗದ್ದಲ ಎಂದು ಹಾಕಿದೆ.

ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಅಷ್ಟರಲ್ಲಿ ಫೋಟೊ ಹರಿದಾಡುತ್ತಿತ್ತು. ಅಳುವ ಮುಖಗಳು, ಮುಗಿದ ಕೈಗಳು. ಒಬ್ಬ ಅಂಕಲ್ ಪ್ಲಾಸ್ಟಿಕ್ ಬಳಕೆಯ ಬಗ್ಗೆ ದೀರ್ಘವಾಗಿ ಬರೆದರು. ಡಬ್ಬಿ ಯಾರ ಮನೆಯ ಪಾರ್ಟಿಯದು ಎಂಬ ಬಗ್ಗೆ ಸಂಜೆಯವರೆಗೆ ಚರ್ಚೆ ನಡೆಯಿತು.

ಸಂಜೆ ಜಿಂಕೆ ಮತ್ತೆ ಹಿತ್ತಲಿಗೆ ಬಂತು. ನಡಿಗೆ ಸಣ್ಣಗೆ ತೂಗಾಡುತ್ತಿತ್ತು. ನಾನು ಬಾಗಿಲಿಗೆ ಕೈ ಹಾಕಿದೆ. ಸುನಂದಾ ಅಡ್ಡ ನಿಂತಳು.

"ಎಲ್ಲಿಗೆ ಹೊಂಟಿ?"

"ಒಂದು ಚಾದರ ಕೊಡು ಸಾಕು. ಹಿಂದಿಂದ ಹೋಗಿ ಹಾಕ್ತೇನಿ. ನೀ ಕಾಲ ಹಿಡಿ."

"ಹುಚ್ಚಿ ಏನ್ ನೀನು? ಇಲ್ಲೆ ಕಾಡುಪ್ರಾಣಿ ಮುಟ್ಟಂಗಿಲ್ಲ. ಲೈಸೆನ್ಸ್ ಬೇಕು. ನೀ ವಿಸಿಟರ್ ವೀಸಾದಾಗ ಬಂದೀ. ಯಾರರ ವಿಡಿಯೊ ಮಾಡಿ ಹಾಕಿದ್ರ?"

"ಸುನಂದಾ, ಅದು ನೀರಿಲ್ಲದ ಸಾಯ್ತೈತಿ."

"ಗೊತ್ತೈತಿ ನನಗ" ಎಂದವಳು ಪರದೆ ಎಳೆದುಬಿಟ್ಟಳು.

ಮ್ಯಾನ್ಹಾಟನ್

ಮೂರನೆಯ ದಿನ ನನ್ನ ಉಪನ್ಯಾಸ. ಹದಿನೈದು ನಿಮಿಷ ಎಂದು ಕರೆದಿದ್ದರು. ನನಗಿಂತ ಮುಂಚಿನವರು ನಾಯಿಗಳ ಮಂಡಿಚಿಪ್ಪಿನ ಬಗ್ಗೆ ಮಾತಾಡಿ ನನ್ನ ಪಾಲಿನಲ್ಲಿ ಆರು ನಿಮಿಷ ತಿಂದರು. ಉಳಿದ ಒಂಬತ್ತರಲ್ಲಿ ಉರುಳಿಗೆ ಸಿಕ್ಕ ಜೀಬ್ರಾದ ಕತ್ತಿನ ಫೋಟೊ ತೋರಿಸಿ, ಜಿರಾಫೆಯ ವಿಷಯ ಹೇಳಿದೆ. ಜಿರಾಫೆಯನ್ನು ಹೆಚ್ಚು ಹೊತ್ತು ಮಲಗಿಸಿದರೆ ಅದು ಏಳುವುದೇ ಇಲ್ಲ. ಹಾಗಾಗಿ ಅದು ನೆಲಕ್ಕೆ ಬಿದ್ದ ಕ್ಷಣವೇ ಎಬ್ಬಿಸುವ ಮದ್ದು ಕೊಟ್ಟು, ಮೂವರು ನಾಲ್ವರು ಅದರ ಉದ್ದ ಕತ್ತಿನ ಮೇಲೆ ಕೂತು, ಎಚ್ಚರವಿರುವ ಪ್ರಾಣಿಯ ಕಾಲಿನಿಂದಲೇ ತಂತಿ ತೆಗೆಯಬೇಕು. ಆ ಫೋಟೊ ತೋರಿಸಿದಾಗ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಊಟದ ಹೊತ್ತಿನಲ್ಲಿ ಒಬ್ಬ ಹಿರಿಯ ಮಹಿಳೆ ನನ್ನ ಕೈ ಹಿಡಿದು ಕಣ್ಣೀರು ಹಾಕಿದರು. ಆ ಜೀಬ್ರಾದ ಕತ್ತು ನೋಡಲಾಗಲಿಲ್ಲ, ನಿಮ್ಮ ಕೆಲಸ ದೇವರ ಕೆಲಸ ಎಂದರು. ಅದೇ ಉಸಿರಿನಲ್ಲಿ, ಈ ವರ್ಷ ತಮ್ಮ ಕಾರಿಗೆ ಎರಡು ಜಿಂಕೆ ಬಡಿದವು, ಬಂಪರ್ ಹಾಳಾಯಿತು ಎಂದರು. ನಾನು ಡಬ್ಬಿಯ ವಿಷಯ ಹೇಳಿ, ನೀವು ಯಾರಾದರೂ ಬರುತ್ತೀರಾ ಎಂದು ಮೇಜಿನ ಸುತ್ತ ಕೇಳಿದೆ. ಎಂಟು ಜನ ಪಶುವೈದ್ಯರು. ಒಬ್ಬರದು ನ್ಯೂಯಾರ್ಕಿನ ಲೈಸೆನ್ಸು, ನ್ಯೂಜೆರ್ಸಿಯಲ್ಲಿ ನಡೆಯದು. ಒಬ್ಬರು ಕುದುರೆಗೆ ಮಾತ್ರ. ಇನ್ನೊಬ್ಬರು ಬಹಳ ಕಳಕಳಿಯಿಂದ, "ರಿಪೋರ್ಟ್ ಫೈಲ್ ಮಾಡಿದ್ದೀರಿ ತಾನೇ?" ಎಂದು ವಿಚಾರಿಸಿದರು.

ಕೋಪದಲ್ಲಿ ನನಗೆ ಬಡಿಸಿದ ಕೇಕನ್ನು ಹಾಗೇ ಬಿಟ್ಟು ಬಂದೆ. ರೈಲಿನಲ್ಲಿ ಅದರ ಬಗ್ಗೆಯೂ ಹೊಟ್ಟೆ ಉರಿಯಿತು.

ವೆಸ್ಟ್ ವಿಂಡ್ಸರ್, ಸ್ಟೇಷನ್ನಿನ ಪಾರ್ಕಿಂಗು

ಪ್ರಿನ್ಸ್‌ಟನ್ ಜಂಕ್ಷನ್ನಿನಲ್ಲಿ ಇಳಿದಾಗ ಸುನಂದಾ ಕಾರು ತಂದಿದ್ದಳು. ಹತ್ತಿದವಳೇ ಕೇಳಿದೆ. "ಬಂದಿದ್ರಾ ಯಾರರ?"

"ಇಲ್ಲ. ನಾಳೆ ಮುಂಜಾನೆ ಕಳಿಸ್ತೀವಿ ಅಂದಾರ."

"ನಾಳೆ! ನೀನು ಅದನ್ನ ನೋಡಿದೇನು ಇವತ್ತು?"

"ನೋಡೀನಿ."

"ನೋಡಿ ಪರದೆ ಎಳದಿರ್ತೀ" ಎಂದೆ. ನಿಲ್ಲಿಸಬೇಕಿತ್ತು, ನಿಲ್ಲಿಸಲಿಲ್ಲ. "ಸುನಂದಾ, ಈ ದೇಶದಾಗ ನೀ ಎಲ್ಲಾ ಕಲತಿ. ಡಾಕ್ಟರ್ ಇದ್ದೆ ಅನ್ನೋದೊಂದ ಮರತಿ."

ಅವಳು ಹೊರಡಿಸಿದ್ದ ಕಾರನ್ನು ಮತ್ತೆ ಅದೇ ಜಾಗಕ್ಕೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಿದಳು. ರೈಲಿನಿಂದಿಳಿದ ಜನ ನಮ್ಮ ಅಕ್ಕಪಕ್ಕದ ಕಾರುಗಳನ್ನು ಹತ್ತಿ ಹೋಗುತ್ತಿದ್ದರು.

"ಇಲ್ಲಿನ ಲೈಸೆನ್ಸಿನ ಪರೀಕ್ಷಾ ಎರಡು ಸಲ ಬರದೆ" ಎಂದಳು, ಮುಂದೆ ನೋಡುತ್ತಾ. "ಬರಿಯೋದು ಪಾಸಾದೆ. ಆಮ್ಯಾಲ ಕೈಲೆ ಮಾಡಿ ತೋರಸೋ ಪರೀಕ್ಷಾ. ಅದಕ್ಕ ಡೇಟ್ ಸಿಗಾಕ ಎರಡು ವರ್ಷ. ಸಿಕ್ಕಾಗ ನಾ ಎಂಟು ತಿಂಗಳ ಬಸರಿ. ಎರಡನೇ ಸಲ ಸಿಕ್ಕಾಗ ವೀಸಾ ಅರ್ಜಿ ಆಫೀಸಿನ್ಯಾಗ ಕೂತಿತ್ತು, ಪರೀಕ್ಷಾಕ್ಕಂತ ಊರ ಬಿಟ್ಟು ಹೋಗೂ ಹಂಗಿರಲಿಲ್ಲ. ಈಗ ಒಂದು ಔಷಧ ಕಂಪನಿಯೊಳಗ ನಾಯಿ ಗುಳಿಗಿ ಡೇಟಾ ಚೆಕ್ ಮಾಡ್ತೇನಿ. ನಾಯಿ ಇರಂಗಿಲ್ಲ ಅಲ್ಲೆ, ನಾಯಿ ನಂಬರ್ ಇರ್ತಾವ."

ನಾನು ಏನೋ ಹೇಳಲು ಹೋದೆ.

"ಕೇಳಿಲ್ಲೆ. ನಮ್ಮನ್ಯಾಗ ನಾಯಿ ಯಾಕ ಸಾಕಿಲ್ಲ ಅಂತ ಎಲ್ಲಾರೂ ಕೇಳ್ತಾರ. ಮಗಳು ಕಾಲೇಜಿಗೆ ಹೋಗೂತನಾ ಅತ್ತಾಳ ನಾಯಿ ಬೇಕಂತ. ಅದಕ್ಕ ಜ್ವರಾ ಬಂದ್ರ ನಾ ಬ್ಯಾರೇದವರ ಕಡೆ ಒಯ್ದು, ಹೊರಗ ಕುರ್ಚಿ ಮ್ಯಾಲ ಕೂಡಬೇಕು. ಅದು ನನ್ನ ಕಡಿಂದ ಆಗಂಗಿಲ್ಲ. ಇಪ್ಪತ್ತೆರಡು ವರ್ಷ ಆತು ಗಿರಿಜಾ, ಒಂದು ದನದ ಮೈಮ್ಯಾಲ ಕೈ ಇಟ್ಟು."

ಹಿಂದಿನ ಕಾರಿನವನು ನಮ್ಮ ಜಾಗ ಬೇಕೆಂದು ಹಾರ್ನ್ ಬಾರಿಸಿದ. ಅವಳು ಕಾರು ಹೊರಡಿಸಿದಳು. ಮೂರು ದಿನದಿಂದ ಇಡೀ ದೇಶದ ಮೇಲಿದ್ದ ನನ್ನ ಸಿಟ್ಟು ಈಗ ನನ್ನ ಮೇಲೆಯೇ ತಿರುಗಿತ್ತು. ಒಂಬತ್ತು ವರ್ಷದಲ್ಲಿ ಎಷ್ಟೋ ಸಲ ಫೋನು ಮಾಡಿ, ಜೀಬ್ರಾ, ಆನೆ ಎಂದು ನನ್ನ ಸಾಹಸಗಳನ್ನೇ ಹೇಳಿದ್ದೆ. ನಿನ್ನ ಪರೀಕ್ಷೆ ಏನಾಯಿತು ಎಂದು ಒಮ್ಮೆಯೂ ಕೇಳಿರಲಿಲ್ಲ.

ಹೊಂಡ

ಬಡಾವಣೆಯ ಹಿಂದೆ ಮಳೆನೀರು ನಿಲ್ಲಲು ತೋಡಿದ ಹೊಂಡವಿದೆ. ಸುತ್ತ ಚಂದಕ್ಕೆ ನೆಟ್ಟ ಎತ್ತರದ ಹುಲ್ಲು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಪ್ರಾಣಿ ವಿಭಾಗದವರು ಅಲ್ಲಿಗೇ ಬಂದರು. ಬಂದದ್ದು ಒಬ್ಬಳೇ. ಐವತ್ತರ ಆಸುಪಾಸಿನ, ದಪ್ಪ ಬೂಟಿನ ಹೆಂಗಸು, ಹೆಸರು ಡೆನೀಸ್. ಕೈಯಲ್ಲಿ ನಾಯಿ ಹಿಡಿಯುವ ಕೋಲು. ಸುನಂದಾ ಆಫೀಸಿನ ಬಟ್ಟೆಯಲ್ಲಿ, ಹತ್ತು ಗಂಟೆಯ ಮೀಟಿಂಗಿಗೆ ಹೋಗುವ ದಾರಿಯಲ್ಲಿ, ನನ್ನನ್ನು ಇಳಿಸಲು ಬಂದವಳು ಅಲ್ಲೇ ನಿಂತಿದ್ದಳು.

ಜಿಂಕೆ ದಂಡೆಯಲ್ಲಿತ್ತು. ಮುಂಗಾಲು ಮಡಚಿ, ಡಬ್ಬಿಯನ್ನು ನೀರಿಗೆ ಅದ್ದುತ್ತಿತ್ತು. ಎತ್ತುತ್ತಿತ್ತು, ಮತ್ತೆ ಅದ್ದುತ್ತಿತ್ತು. ನೀರು ಪ್ಲಾಸ್ಟಿಕ್ಕಿನ ಆಚೆ, ನಾಲಿಗೆ ಈಚೆ. ಸತ್ತ ಪ್ರಾಣಿಗಳನ್ನು ನಾನು ಬಹಳ ಕಂಡಿದ್ದೇನೆ. ಇದನ್ನು ನೋಡಿ ನಿಲ್ಲಲು ಆಗಲಿಲ್ಲ.

"ನಾನು ಒಬ್ಬಳೇ ಹಿಡಿಯುವ ಹಾಗಿಲ್ಲ. ಜೊತೆಗೆ ತರಬೇತಿ ಆದ ಇನ್ನೊಬ್ಬರು ಇರಲೇಬೇಕು. ಅವನು ಇವತ್ತು ರಜೆ" ಎಂದಳು ಡೆನೀಸ್. ಅವಳಿಗೂ ಬೇಜಾರಾಗಿತ್ತು. "ಸೋಮವಾರ ಬರಬಹುದು."

ಅಂದು ಶುಕ್ರವಾರ. "ಸೋಮವಾರ ಬೇರೆ ವಿಭಾಗಕ್ಕೆ ಫೋನ್ ಮಾಡಬೇಕಾಗುತ್ತೆ" ಎಂದು ನಾನು ಹೇಳುತ್ತಿರುವಾಗ ಕಾರಿನ ಡಿಕ್ಕಿ ತೆರೆದ ಸದ್ದಾಯಿತು.

ಸುನಂದಾ ಪಿಕ್ನಿಕ್ಕಿನ ಹಳೆಯ ಚಾದರ ಹಿಡಿದು ಬರುತ್ತಿದ್ದಳು. ಚಪ್ಪಲಿ ಬಿಟ್ಟಿದ್ದಳು. ಗಾಳಿ ಎತ್ತ ಕಡೆಯಿಂದ ಬೀಸುತ್ತಿದೆ ಎಂದು ನೋಡಿ, ಸುತ್ತು ಹಾಕಿ, ಹುಲ್ಲಿನ ಮರೆಯಲ್ಲಿ ಬಗ್ಗಿ ಜಿಂಕೆಯ ಹಿಂದಕ್ಕೆ ಹೋದಳು. ಅದು ಡಬ್ಬಿಯನ್ನು ನೀರಿಗಿಳಿಸಿದ ಕ್ಷಣ ಚಾದರ ಬೀಸಿ, ಅದರ ಜೊತೆಗೇ ತಾನೂ ಬಿದ್ದಳು. ಒಂದು ಮೊಣಕಾಲು ಹೆಗಲಿಗೆ, ಒಂದು ಕೈ ಹಿಂಗಾಲಿನ ಕೀಲಿಗೆ. ಹಿಂಗಾಲು ಒಮ್ಮೆ ಜಾಡಿಸಿ ಅವಳ ತುಟಿಗೆ ಬಡಿಯಿತು. ಅವಳು ಬಿಡಲಿಲ್ಲ.

"ನೋಡಕೋತ ನಿಂತೀಯಲ್ಲ! ಡಬ್ಬಿ ಹಿಡಿ!"

ಹಿಡಿದು ಎಳೆದೆ. ಬರಲಿಲ್ಲ. ಒಳಗೆ ಗಾಳಿ ಬಿಗಿದಿತ್ತು, ಎಳೆದಷ್ಟೂ ಕತ್ತು ಬರುತ್ತಿತ್ತು. "ತಳಕ್ಕ ತೂತು ಹಾಕು" ಎಂದಳು ಸುನಂದಾ. ನನ್ನ ಹತ್ತಿರ ಚಾಕು ಎಲ್ಲಿಂದ ಬರಬೇಕು, ಅದನ್ನು ವಿಮಾನದಲ್ಲಿ ತರಲು ಬಿಡುತ್ತಾರೆಯೇ? ತಲೆ ಎತ್ತಿದರೆ ಡೆನೀಸ್ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತಿದ್ದಳು. ಸೊಂಟದ ಚಾಕು ಬಿಚ್ಚಿ ನನ್ನ ಅಂಗೈಗೆ ಕೊಟ್ಟು, ಮುಖವನ್ನು ಹೊಂಡದ ಆಚೆ ದಂಡೆಗೆ ತಿರುಗಿಸಿದಳು. "ನಾನು ಬಾತುಕೋಳಿ ನೋಡ್ತಿದ್ದೀನಿ" ಎಂದಳು.

ತಳದಲ್ಲಿ ತೂತು ಕೊರೆದೆ. ಒಳಗಿನ ಬಿಸಿ ಗಾಳಿ ಹೊರಗೆ ಬಂತು, ಕೆಟ್ಟ ಚೀಸಿನ ವಾಸನೆ. ಎರಡು ಬೆರಳು ದವಡೆಯ ಪಕ್ಕ ತೂರಿಸಿ, ಒಂದು ಕಿವಿ ಮಡಚಿ, ಇನ್ನೊಂದು ಕಿವಿ ಮಡಚಿ, ತಿರುಗಿಸಿ ಎಳೆದೆ. ಡಬ್ಬಿ ನನ್ನ ಮಡಿಲಿಗೆ ಬಂತು.

ಬಿಟ್ಟುಬಿಡು ಎಂದೆ. ಸುನಂದಾ ಬಿಡಲಿಲ್ಲ. ಚಾದರದ ಅಂಚನ್ನು ಅದರ ಕಣ್ಣಿನ ಮೇಲೆ ಎಳೆದು, ಹೆಬ್ಬೆರಳಿನಿಂದ ತುಟಿ ಎತ್ತಿ ಒಸಡು ಒತ್ತಿ ನೋಡಿದಳು. ಕತ್ತಿನ ಚರ್ಮ ಚಿವುಟಿ, ಅದು ಇಳಿಯುವುದನ್ನು ಕಾದಳು. ಪಕ್ಕೆಗೆ ಕಿವಿ ಹಚ್ಚಿದಳು.

"ನೀರಿನಂಶ ಭಾಳ ಕಮ್ಮಿ ಆಗೈತಿ. ಆದ್ರ ಶ್ವಾಸಕೋಶ ಸ್ವಚ್ಛ ಐತಿ. ಕಿವಿ ಬುಡಕ್ಕ ಹುಣ್ಣು, ತಾನ ಮಾಯತೈತಿ. ಬದುಕತೈತಿ ಇದು." ಅವಳ ತುಟಿಯಿಂದ ರಕ್ತ ಇಳಿದು ಬಿಳಿ ಅಂಗಿಯ ಮೇಲೆ ಹನಿಯುತ್ತಿತ್ತು. "ಇನ್ನೊಂದು ನಿಮಿಷ ತಡಿ" ಎಂದಳು. ನೋಡುವುದು ಏನೂ ಉಳಿದಿರಲಿಲ್ಲ. ಸುಮ್ಮನೆ ಅದರ ಮೈಮೇಲೆ ಅಂಗೈ ಇಟ್ಟುಕೊಂಡು ಕೂತಳು. ಆಮೇಲೆ ಚಾದರ ಎತ್ತಿ ಹಿಂದೆ ಸರಿದಳು.

ಜಿಂಕೆ ಎದ್ದು, ಮುಗ್ಗರಿಸಿ, ಹೊಂಡದ ಆಚೆ ದಂಡೆಯವರೆಗೆ ಓಡಿತು. ಅಲ್ಲಿ ನಿಂತು ನಮ್ಮ ಕಡೆ ಒಮ್ಮೆ ನೋಡಿ, ತಲೆ ಬಗ್ಗಿಸಿ ಕುಡಿಯತೊಡಗಿತು. ಎಷ್ಟು ಹೊತ್ತು ಕುಡಿಯಿತೆಂದರೆ ಡೆನೀಸ್ ತನ್ನ ಫಾರಂ ಪೂರ್ತಿ ತುಂಬಿದಳು. ಕೊನೆಯ ಸಾಲು ನಮಗೆ ಓದಿ ಹೇಳಿದಳು. "ಪ್ರಾಣಿಯು ತಾನೇ ಬಿಡಿಸಿಕೊಂಡಿದೆ."

ಹೊರಡುವಾಗ ಅವಳು ಸುನಂದಾಳ ಹತ್ತಿರ ಬಂದು, ತನ್ನ ಮನೆಯ ನಾಯಿ ಎರಡು ವಾರದಿಂದ ಒಂದು ಕಾಲು ಎತ್ತಿ ನಡೆಯುತ್ತಿದೆ, ಏನಿರಬಹುದು ಎಂದು ಕೇಳಿದಳು. ಸುನಂದಾ ಮೀಟಿಂಗು ಮರೆತು ಇಪ್ಪತ್ತು ನಿಮಿಷ ಉತ್ತರ ಹೇಳಿದಳು.

ನನ್ನ ಊರಿಗೆ

ಊರೆಂದರೆ ಈಗ ನನಗೆ ಕೀನ್ಯಾದ ಆ ಹುಲ್ಲುಗಾವಲೇ. ಬಂದು ನಾಲ್ಕು ತಿಂಗಳಾಯಿತು. ಅಸೋಸಿಯೇಷನ್ನಿನವರು ಸುನಂದಾಳಿಗೆ ಒಂದು ಪತ್ರ ಕಳಿಸಿದರು. ಹೊಂಡದ ಅಂಚಿನ ಅಲಂಕಾರದ ಹುಲ್ಲು ತುಳಿದದ್ದಕ್ಕೆ ಎಚ್ಚರಿಕೆ. ರಘು ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರಂತೆ. ಪರೀಕ್ಷೆಗೆ ಮತ್ತೆ ಅರ್ಜಿ ಹಾಕುತ್ತೀಯಾ ಎಂದು ಕೇಳಿದರೆ ಅವಳು ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದಿಲ್ಲ. "ನೋಡೂಣು" ಎನ್ನುತ್ತಾಳೆ. ಶನಿವಾರಗಳಲ್ಲಿ ಒಂದು ಪ್ರಾಣಿಗಳ ಆಶ್ರಯಕ್ಕೆ ಹೋಗಿ ಬೋನು ತೊಳೆದು ಬರುತ್ತಾಳೆ. ಅದಕ್ಕೆ ಲೈಸೆನ್ಸು ಬೇಡವಂತೆ.

ಆದರೆ ನನಗೆ ಮಾತ್ರ ಅವಳ ಕಾಟ ಶುರುವಾಗಿದೆ. ನಾನು ಏನಾದರೂ ಫೋಟೊ ಕಳಿಸಿದರೆ ಮುಗಿಯಿತು. ಜೀಬ್ರಾಕ್ಕೆ ಇಷ್ಟು ಮದ್ದು ಯಾಕೆ ಕೊಟ್ಟೆ, ಕಾಡೆಮ್ಮೆಯನ್ನು ಆ ಮಗ್ಗುಲಿಗೆ ಯಾಕೆ ಮಲಗಿಸಿದೆ ಎಂದು ನಾನು ಜೀಪಿನಲ್ಲಿರುವಾಗಲೇ ಫೋನು. ಹೋದ ವಾರ ಸಿಂಹಿಣಿಯೊಂದರ ತೊಡೆಯ ಗಾಯ ಹೊಲಿದು, ಬಹಳ ಹೆಮ್ಮೆಯಿಂದ ಫೋಟೊ ಕಳಿಸಿದ್ದೆ. ಎರಡು ನಿಮಿಷದಲ್ಲಿ ಉತ್ತರ ಬಂತು.

"ಯಾರ ಹಾಕಿದ್ದು ಈ ಹೊಲಿಗಿ? ಮೂರನೇದು ಸಡಲ ಐತಿ."

ಫೋಟೊ ದೊಡ್ಡದು ಮಾಡಿ ನೋಡಿದೆ. ಮೂರನೆಯದು ಸಡಿಲವಿತ್ತು. ಸಿಂಹಿಣಿಗೆ ಇನ್ನೂ ಎಚ್ಚರವಾಗಿರಲಿಲ್ಲ. ಬೈದುಕೊಳ್ಳುತ್ತಾ ಜೀಪಿನಿಂದ ಇಳಿದೆ.